ಅಳತೆ ಒಪ್ಪಿಸುವ ಹೊತ್ತು

ಶಾರ್ಜಾದ ರೋಲಾದಲ್ಲಿ, ಅಪ್ಪನ ಅಂಗಡಿಯ ಶಟರ್
ಅರ್ಧ ಇಳಿದ ಮೇಲೆ ನನ್ನ ಪಾಠ ಶುರು.
ಇಸ್ತ್ರಿಯ ಹಬೆ ಇನ್ನೂ ಆರಿಲ್ಲ.
ನಾಳೆ ಕೊಡಬೇಕಾದ ಏಳು ಕಂದೂರಾ
ಗೋಡೆಗೆ ತೂಗಿವೆ, ತಲೆಯಿಲ್ಲದ ಪರೀಕ್ಷಕರ ಹಾಗೆ.

ಗುರುವಾರ ಪರೀಕ್ಷೆ.
ಗಾಳಿ ಎಷ್ಟು ಅಡ್ಡ ಬೀಸಿದರೆ ಇಳಿಯಬಾರದು,
ವೇಗ ಎಷ್ಟು ದಾಟಿದರೆ ಫ್ಲಾಪು ಬಿಚ್ಚಬಾರದು,
ಕಾದ ಎಂಜಿನ್ನು ಎಷ್ಟು ನಿಮಿಷ ತಡೆದೀತು:
ನೂರಾ ಹನ್ನೆರಡು ಅಂಕಿ,
ಹದಿನಾಲ್ಕು ಆಪತ್ತು.

ಹಳದಿ ಚೀಟಿ ಬರೆದೆ. ಫ್ರಿಜ್ಜಿಗೆ, ಕನ್ನಡಿಗೆ,
ಕೊನೆಗೆ ಲಿಫ್ಟಿನೊಳಗೂ ಅಂಟಿಸಿದೆ.
ವಾಚ್‌ಮನ್ ಫಿದಾ ಹುಸೇನ್ ಅವನ್ನೆಲ್ಲ ಕಿತ್ತು
ಜೋಡಿಸಿ, ರಬ್ಬರು ಹಾಕಿ, ತಂದುಕೊಟ್ಟ.
ಮಗ್ಗಿಯ ರಾಗದಲ್ಲಿ ಹೇಳಿ ನೋಡಿದೆ.
ರಾತ್ರಿ ನಿಂತಿದ್ದ ಅಂಕಿಗಳು ಬೆಳಗಾಗುವಷ್ಟರಲ್ಲಿ
ಮನೆ ಬದಲಿಸಿದ್ದವು:
ಟೈರಿನ ವೇಗ ಎಣ್ಣೆಗೆ, ಎಣ್ಣೆಯ ಬಿಸಿ ಗಾಳಿಗೆ.

ಅಪ್ಪನಿಗೆ ಇಂಗ್ಲಿಷ್ ಓದಲು ಬಾರದು.
ಅದಕ್ಕೇ ಕಾರ್ಡಿನ ಹಿಂದೆ ಕನ್ನಡದಲ್ಲಿ ಬರೆದೆ:
ಪಾರ್ಕಿಂಗ್ ಬ್ರೇಕ್, ಸೆಟ್. ಥ್ರಸ್ಟ್ ಲಿವರ್, ಐಡಲ್.
ಬೆರಳಿಟ್ಟು ಅಕ್ಷರಕ್ಕೆ ಅಕ್ಷರ ಕೂಡಿಸುತ್ತ
ಅಪ್ಪ ಕೇಳುತ್ತಾನೆ, ತುಟಿಯಲ್ಲಿ ಎರಡು ಗುಂಡುಸೂಜಿ.
ನಾನು ತಪ್ಪಿದರೆ ಅರ್ಥ ಅವನಿಗೆ ಗೊತ್ತಾಗದು,
ಲಯ ಕಡಿದದ್ದು ಗೊತ್ತಾಗುತ್ತದೆ.
"ನಡುವ ಒಂದು ಟಾಕಾ ಬಿಟ್ಟಿ ನೋಡವ್ವ.
ಮತ್ತ ಮೊದಲಿಂದ ಬಾ."

ಗದಗಿನಿಂದ ಬಂದು ಇಪ್ಪತ್ತಾರು ವರ್ಷ,
ಅಳತೆ ಪುಸ್ತಕ ಇಟ್ಟವನಲ್ಲ.
ಮುನ್ನೂರು ಗಿರಾಕಿಗಳ ಭುಜ, ತೋಳು, ಕೊರಳು
ಎಲ್ಲ ತಲೆಯೊಳಗೇ.
ಹೆಂಗಪ್ಪಾ, ಅಂದೆ.
ಸೂಜಿ ತೆಗೆದು ಮೇಜಿನ ಬಟ್ಟೆಗೆ ಚುಚ್ಚಿದ.
"ಅಂಕಿ ಹಿಡೀಬ್ಯಾಡ, ಮನಷ್ಯಾನ್ನ ಹಿಡಿ.
ಖಲ್ಫಾನ್ ಸಾಹೇಬ ಬಗ್ಗಿ ಒಳಗ ಬರ್ತಾನ,
ಅರವತ್ತೆರಡು ಅಂತ ಬಾಗಿಲಾನ ಹೇಳ್ತದ.
ಲಾಂಡ್ರಿ ಮಲಬಾರಿದು ಎಡಗೈ ಮುರದು ಕೂಡಿದ್ದು,
ಆ ತೋಳು ಅರ್ಧ ಇಂಚು ಗಿಡ್ಡ.
ಯಾರಿಗೆ ಎಲ್ಲೆ ಬಿಗೀತದ, ಅದನ್ನ ನೋಡು.
ಅಂಕಿ ತಂತಾನ ಬರ್ತದ."

ಅವತ್ತು ವಿಮಾನಕ್ಕೆ ಮೈ ಬಂತು.
ಅಡ್ಡಗಾಳಿ ಭುಜಕ್ಕೆ, ಫ್ಲಾಪಿನ ವೇಗ ತೋಳಿಗೆ,
ಎಣ್ಣೆಯ ಬಿಸಿ ಕಂಕುಳಿಗೆ,
ಕ್ಯಾಬಿನ್ನಿನ ಒತ್ತಡ ಕೊರಳಿನ ಕೊನೆಯ ಗುಂಡಿಗೆ.
ಮಿತಿ ಅಂದರೆ ಗದರಿಕೆ ಅಂದುಕೊಂಡಿದ್ದೆ.
ಅಲ್ಲ. ಯಾರೋ ಎಳೆದು ನೋಡಿ, ಹರಿದು ನೋಡಿ,
ಒಂದಿಂಚು ಒಳಗೆ ಬಂದು ಹಾಕಿದ ಹೊಲಿಗೆ.

ಆಪತ್ತಿಗೆ ಮಾತ್ರ ಬೇರೆ ಉಪಾಯ ಬೇಕಾಯಿತು.
ಕಟ್ಟಿಂಗ್ ಮೇಜೇ ಕಾಕ್‌ಪಿಟ್ಟು.
ಕತ್ತರಿಯ ಹಿಡಿ ಥ್ರಸ್ಟ್ ಲಿವರು,
ದಾರದುಂಡೆ ಎರಡು, ಇಂಧನದ ಸ್ವಿಚ್ಚು.
ಕಣ್ಣು ಮುಚ್ಚಿದರೂ ಕೈ ಹೋಗಬೇಕು.
ಮಷಿನ್ ತುಳಿಯುತ್ತಿದ್ದ ಅಪ್ಪ
ಇದ್ದಕ್ಕಿದ್ದಂತೆ ಕೂಗುತ್ತಾನೆ: "ಬೆಂಕಿ! ಎಡಕ್ಕ!"
ಕೈ ಓಡಿತು. ಬಲದ ಉಂಡೆ ಎಳೆದೆ.
ಮೂರು ಸಲ ಕೂಗಿದ, ಮೂರು ಸಲವೂ
ಚೆನ್ನಾಗಿದ್ದ ಎಂಜಿನ್ನನ್ನೇ ಕೊಂದೆ.

ಅಪ್ಪ ಬೈಯಲಿಲ್ಲ.
ಮೇಜು ಒರೆಸಿ, ದುಬಾರಿ ಜಪಾನಿ ಬಟ್ಟೆ ಹಾಸಿ,
ಸೀಮೆಸುಣ್ಣದ ಗೆರೆ ಎಳೆದು,
ಕತ್ತರಿ ನನ್ನ ಕೈಗಿಟ್ಟ. "ಕತ್ತರಸು."
ಕೈ ನಿಂತಿತು.
ಗೆರೆ ನೋಡಿದೆ. ಇನ್ನೊಮ್ಮೆ ನೋಡಿದೆ.
"ಈಗ ನಿಂತಿತಲ್ಲ," ಅಂದ, "ಅದನ್ನ ಪಾಠ ಮಾಡು."

ಬುಧವಾರ ನಡುರಾತ್ರಿ.
ಮೇಲೆ ಯಾವುದೋ ವಿಮಾನ ಚಕ್ರ ಇಳಿಸಿಕೊಂಡು
ನಮ್ಮ ತಾರಸಿಯ ನೀರಿನ ಟ್ಯಾಂಕು ಅದುರಿಸಿ ಹೋಯಿತು.
ಕಾರ್ಡು ಮಡಚಿಟ್ಟಿದ್ದೇನೆ.
ಅಪ್ಪ ಗುಂಡಿ ಹಚ್ಚುತ್ತ ತನಗೇ ಗುನುಗುತ್ತಿದ್ದಾನೆ
ಗದಗಿನ ನಾಲಿಗೆಯಲ್ಲಿ:
ಮಾಸ್ಕು ಹಾಕ್ಕೊ, ಜೋಡಿ ಕೂತಾಂವನ ಕೂಡ ಮಾತಾಡು, ಇಳಿ.
ಇಷ್ಟು ವರ್ಷದಲ್ಲಿ ಅವನು ಹತ್ತಿದ್ದು ಒಂಬತ್ತು ಸಲ,
ಒಮ್ಮೆಯೂ ಆ ಮುಂದಿನ ಬಾಗಿಲಿನಾಚೆ ಕಂಡವನಲ್ಲ.
ಮೂರನೆಯದರ ಹತ್ತಿರ ಒಂದು ಟಾಕಾ ಬಿಟ್ಟ.
ಹೇಳಿಕೊಡಲು ಬಾಯಿ ತೆರೆದೆ.
ಅಷ್ಟರಲ್ಲಿ ಸೂಜಿ
ಗಾಳಿಯಲ್ಲಿ ನಿಂತಿತ್ತು.